ನಲವತ್ತೈದರ ಮುಖಕ್ಕೆ ಕಾಳಿನ ಲೆಕ್ಕದ ಬಣ್ಣ

ಮೊದಲು ಪೌಡರ್ ಡಬ್ಬಿಯನ್ನು ಕನ್ನಡಿ ಮುಂದಿನಿಂದ ಎತ್ತಿ ಬೀರುವಿನಲ್ಲಿಡಿ. ಇಪ್ಪತ್ತರ ವಯಸ್ಸಿನಲ್ಲಿ ಮುಖದ ಜಿಡ್ಡನ್ನು ಹೀರಿ ಚಂದ ಕಾಣಿಸುತ್ತಿದ್ದ ಅದೇ ಪೌಡರ್, ನಲವತ್ತೈದು ದಾಟಿದ ಮೇಲೆ ಬೂದಿ ಬಳಿದ ಹಾಗೆ ಕೂರುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ. ಅದರ ಜೊತೆಗೇ ಚರ್ಮದ ಎಣ್ಣೆಯಂಶ, ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ, ಬಿಗಿ, ಮೂರೂ ಇಳಿಯುತ್ತವೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲೇ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಒಣಗಿದ ಚರ್ಮದ ಮೇಲೆ ಒಣ ಪುಡಿ ಬಿದ್ದರೆ ಅದು ಹೋಗಿ ಸೇರುವುದು ಗೆರೆಗಳೊಳಗೆ.

ಕಿಟಕಿ ಪಕ್ಕ ನಿಂತು, ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ಮುಖ ತಿರುಗಿಸಿ, ಕೈಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಕಿವಿಯ ಮುಂದೆ, ದವಡೆಯ ಉದ್ದಕ್ಕೂ, ಎಳೆ ಬೂದುಗುಂಬಳದ ಮೇಲಿರುವಂಥ ನವಿರು ಕೂದಲು ಕಾಣುತ್ತದೆ. ಈ ವಯಸ್ಸಿನಲ್ಲಿ ಅದು ಹೆಚ್ಚುವುದು ಸಹಜ. ಪೌಡರ್ ಚರ್ಮಕ್ಕೆ ತಲುಪುವ ಮೊದಲೇ ಆ ಕೂದಲ ತುದಿಗಳಲ್ಲಿ ನಿಂತುಬಿಡುತ್ತದೆ. ಎದುರಿನಿಂದ ಕನ್ನಡಿ ನೋಡಿದಾಗ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಎದ್ದು ಕಾಣುತ್ತದೆ. ಅದಕ್ಕೇ ಮುಖಕ್ಕೆ ಏನೇ ಹಚ್ಚಲಿ, ಕೊನೆಯ ಕೈ ಮೇಲಿನಿಂದ ಕೆಳಕ್ಕೆ, ಕೂದಲು ಮಲಗುವ ದಿಕ್ಕಿಗೇ ಆಡಿಸಬೇಕು.

ನಮ್ಮ ಕಡೆಯ ಹೆಂಗಸರಿಗೆ ಬಣ್ಣದ ಮಾತಿಗಿಂತ ಮುಂಚೆ ನೀರಿನ ಮಾತು ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಮಧುಗಿರಿ ಸೀಮೆಯಲ್ಲಿ ನಲ್ಲಿಗೆ ಬರುವುದು ಬಹುಪಾಲು ಬೋರ್‌ವೆಲ್ ನೀರು, ಎಷ್ಟೋ ಕಡೆ ಸಾವಿರ ಅಡಿ ಆಳದ್ದು. ಬಕೆಟ್ಟಿನ ಅಂಚಿಗೆ, ಹಂಡೆಯ ತಳಕ್ಕೆ ಬೆಳ್ಳಗೆ ಪೊರೆ ಕಟ್ಟುವ ಗಡಸು ನೀರು. ಆ ಸುಣ್ಣದಂಶ ಸೋಪಿನ ಜೊತೆ ಸೇರಿ ಕರಗದ ಪೊರೆಯಾಗಿ, ಎಷ್ಟು ತೊಳೆದರೂ ಮುಖದ ಮೇಲೆ ತೆಳುವಾಗಿ ಉಳಿಯುತ್ತದೆ. ಮುಖ ತೊಳೆದ ಹತ್ತು ನಿಮಿಷಕ್ಕೆ ಕೆನ್ನೆ ಬಿಗಿದ ಹಾಗಾಗುವುದು, ಬಾಯಿಯ ಎರಡೂ ಪಕ್ಕ ಹೊಟ್ಟೇಳುವುದು ಹೆಚ್ಚಾಗಿ ಇದರಿಂದ. ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಮೈಸೋಪು 9ರಿಂದ 10, ಅಂದರೆ ಕ್ಷಾರ; ಚರ್ಮ 5ರ ಆಸುಪಾಸು, ಅಂದರೆ ತುಸು ಹುಳಿ. ಹಾಗಾಗಿ ಮುಖಕ್ಕೆ ಸೋಪು ಬೇಡ. ನೊರೆ ಕಡಿಮೆ ಬರುವ ಫೇಸ್‌ವಾಶ್ ಕಡಲೆಕಾಳಿನಷ್ಟು ಸಾಕು. ಕೊನೆಯ ಒಂದು ಚೊಂಬು ಮಾತ್ರ, ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿಗೆ ಹಿಡಿದು ತಂದ ನೀರಾಗಿರಲಿ. ಅದಿಲ್ಲದಿದ್ದರೆ ನಲ್ಲಿ ನೀರನ್ನೇ ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಕುದಿಸಿದರೆ ಗಡಸು ಪೂರ್ತಿ ಹೋಗದು, ಒಂದು ಭಾಗ ತಳಕ್ಕೆ ಕೂರುತ್ತದೆ, ಅಷ್ಟೇ ಲಾಭ. ಕಡಲೆಹಿಟ್ಟಿನ ರೂಢಿ ಬಿಡಲಾಗದವರು ವಾರಕ್ಕೊಮ್ಮೆ ಹಾಲಿನ ಕೆನೆಯಲ್ಲಿ ಕಲಸಿ ಹಚ್ಚಿ, ಒಣಗಿ ಬಿರುಕು ಬಿಡುವ ಮೊದಲೇ ತೊಳೆದುಬಿಡಿ. ನಿಂಬೆಹಣ್ಣನ್ನು ಮಾತ್ರ ಮುಖಕ್ಕೆ ತಾಕಿಸಬೇಡಿ. ಅದರ ರಸ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆ ಏಳುತ್ತದೆ, ಅದು ಮಾಯಲು ತಿಂಗಳುಗಳೇ ಬೇಕು.

ಮುಖವನ್ನು ಟವೆಲಿನಿಂದ ಉಜ್ಜದೆ ಒತ್ತಿ, ಇನ್ನೂ ಪಸೆ ಇರುವಾಗಲೇ ಕ್ರೀಮ್ ಹಚ್ಚಬೇಕು. ಅವರೆಕಾಳಿನಷ್ಟು ಮಾಯಿಶ್ಚರೈಸರ್ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದ, ಕುತ್ತಿಗೆಗೆ ಚುಕ್ಕೆ ಇಟ್ಟು ಹರಡಿ. ಅವರೆ ಸೊಗಡಿನ ಕಾಲಕ್ಕೆ, ಅಂದರೆ ಡಿಸೆಂಬರ್ ಜನವರಿಯ ಒಣಗಾಳಿಗೆ, ಇಷ್ಟು ಸಾಲದಿದ್ದರೆ ಅದರ ಕೆಳಗೆ ಒಂದು ಪಾಲು ಗ್ಲಿಸರಿನ್‌ಗೆ ಮೂರು ಪಾಲು ಪನ್ನೀರು ಬೆರೆಸಿ ತೆಳುವಾಗಿ ಸವರಿಕೊಳ್ಳಿ. ಬರೀ ಗ್ಲಿಸರಿನ್ ಹಚ್ಚಿದರೆ ಅಂಟಂಟು, ಮೇಲಾಗಿ ಒಣಹವೆಯಲ್ಲಿ ಅದು ಚರ್ಮದೊಳಗಿನ ನೀರನ್ನೇ ಎಳೆಯುತ್ತದೆ. ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಫೌಂಡೇಶನ್ ಹಚ್ಚುವವರಿದ್ದಾರೆ. ಎಣ್ಣೆಯ ಮೇಲೆ ಬಣ್ಣ ನಿಲ್ಲದು, ಒಂದು ಗಂಟೆಯೊಳಗೆ ಜಾರಿ ಮೂಗಿನ ಪಕ್ಕದ ಗೆರೆಗೆ ಬಂದು ಸೇರುತ್ತದೆ. ಎಣ್ಣೆಯ ಕೆಲಸ ರಾತ್ರಿಗೆ, ಅದನ್ನು ಕೊನೆಗೆ ಹೇಳುತ್ತೇನೆ.

ಕ್ರೀಮ್ ಹಚ್ಚಿ ಐದು ನಿಮಿಷ ಬಿಡಿ. ಆಮೇಲೆ ಸನ್‌ಸ್ಕ್ರೀನ್, ಬಿಸಿಲಿನಿಂದ ಕಾಯುವ ಅಳತೆಯಾದ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ, ಕುತ್ತಿಗೆಗೆ ಬೇಕು. ಅದಕ್ಕಿಂತ ಕಡಿಮೆ ಹಚ್ಚಿದರೆ ಡಬ್ಬಿಯ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ. ಮತ್ತೆ ಐದರಿಂದ ಹತ್ತು ನಿಮಿಷ ತಡೆಯಿರಿ. ಅಷ್ಟರಲ್ಲಿ ಕಾಫಿಗೆ ಹಾಲಿಡಿ, ಹೂ ಮುಡಿದುಕೊಳ್ಳಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳಿ. ಈ ವಯಸ್ಸಿನ ಮೇಕಪ್ ಕೆಡುವುದು ಬಹುತೇಕ ಇಲ್ಲೇ. ಒಂದು ಪದರ ಕೂರುವ ಮೊದಲೇ ಇನ್ನೊಂದನ್ನು ಉಜ್ಜಿದರೆ ಎರಡೂ ಸೇರಿ ರಬ್ಬರ್ ಚೂರಿನ ಹಾಗೆ ಉಂಡೆ ಉಂಡೆಯಾಗಿ ಉದುರುತ್ತವೆ. ಆಮೇಲೆ ಅದನ್ನು ಮುಚ್ಚಲು ಇನ್ನಷ್ಟು ಹಚ್ಚುತ್ತಾರೆ, ಅಲ್ಲಿಂದ ಮುಖ ದಪ್ಪವಾಗುತ್ತಾ ಹೋಗುತ್ತದೆ.

ಕೆನ್ನೆ, ಮೂಗಿನ ಮೇಲೆ ಬಂಗು ಇರುವವರು ಬಣ್ಣ ಬೆರೆತ ಸನ್‌ಸ್ಕ್ರೀನನ್ನೇ ಕೇಳಿ ತರಬೇಕು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಕಪ್ಪಾಗುವುದರಲ್ಲಿ ಆ ಬೆಳಕಿನ ಪಾಲೂ ಇದೆ. ಜೊತೆಗೆ ಬರೀ ಝಿಂಕ್ ಇರುವ ಸನ್‌ಸ್ಕ್ರೀನ್ ಕೊಡುವ ಬಿಳಿಚು ನಮ್ಮ ಎಣ್ಣೆಗೆಂಪು, ಎಣ್ಣೆಗಪ್ಪು ಮೈಬಣ್ಣದ ಮೇಲೆ ಇದರಿಂದ ಬರುವುದಿಲ್ಲ. ಎಷ್ಟೋ ಜನಕ್ಕೆ ಇದೊಂದೇ ಸಾಕು, ಫೌಂಡೇಶನ್ನೇ ಬೇಡ. ಬಂಗಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಟ್ಯೂಬ್ ಕೊಂಡು ತಿಂಗಳಾನುಗಟ್ಟಲೆ ಹಚ್ಚುವುದನ್ನು ಕಂಡರೆ ಸಂಕಟವಾಗುತ್ತದೆ. ಹಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲೆರಡು ವಾರ ಮುಖ ಬೆಳ್ಳಗಾದ ಹಾಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣತೊಡಗಿ, ಮುಖದಲ್ಲಿ ಕೂದಲು ಹೆಚ್ಚಿ, ನಿಲ್ಲಿಸಿದ ಕೂಡಲೇ ಬಂಗು ಮೊದಲಿಗಿಂತ ಗಾಢವಾಗಿ ಮರಳುತ್ತದೆ. ಚರ್ಮದ ಡಾಕ್ಟರು ಬರೆದುಕೊಟ್ಟರೆ, ಅವರು ಹೇಳಿದಷ್ಟೇ ದಿನ ಹಚ್ಚಿ.

ಫೌಂಡೇಶನ್ ಬೇಕೆನ್ನುವವರು ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಬೇಡಿ, ಕೈಯ ಬಣ್ಣವೇ ಬೇರೆ. ದವಡೆಯ ಅಂಚಿಗೆ ಮೂರು ಬಣ್ಣ ಪಕ್ಕಪಕ್ಕ ಸವರಿಕೊಂಡು, ಟ್ಯೂಬ್‌ಲೈಟ್ ಬಿಟ್ಟು ಬೀದಿಗೆ ಬಂದು, ಹತ್ತು ನಿಮಿಷ ಬಿಟ್ಟು ನೋಡಿ. ಗಾಳಿ ತಾಕಿದ ಮೇಲೆ ಹಲವು ಫೌಂಡೇಶನ್‌ಗಳು ಅರ್ಧ ಛಾಯೆಯಷ್ಟು ಗಾಢವಾಗುತ್ತವೆ. ಯಾವುದು ಕಣ್ಣಿಗೆ ಕಾಣದಂತೆ ಮಾಯವಾಗಿದೆಯೋ ಅದೇ ನಿಮ್ಮದು. ನಮ್ಮಲ್ಲಿ ಹಣೆ, ಕೆನ್ನೆಯ ಬದಿ ಬಿಸಿಲಿಗೆ ಕಂದಿ ಕುತ್ತಿಗೆಗಿಂತ ಗಾಢವಾಗಿರುವುದೇ ಹೆಚ್ಚು, ಆದ್ದರಿಂದ ಎರಡರ ನಡುವಿನ ಬಣ್ಣ ಹಿಡಿಯಿರಿ. ಒಂದು ಬಣ್ಣ ಬೆಳ್ಳಗಿನದನ್ನು ಕೊಂಡರೆ ಮುಖ ಒಂದು ಕಡೆ, ಕುತ್ತಿಗೆ ಒಂದು ಕಡೆ ಆಗುತ್ತದೆ. ಗುಲಾಬಿ ಛಾಯೆಯದು ಬೂದು ತಿರುಗುತ್ತದೆ, ಹಳದಿ ಛಾಯೆಯದು ನಮ್ಮ ಬಹುಪಾಲು ಜನಕ್ಕೆ ಒಪ್ಪುತ್ತದೆ. ಪೂರ್ತಿ ಮುಖಕ್ಕೆ ಕಡಲೆಕಾಳಿನಷ್ಟು ಸಾಕು. ಮೂಗಿನ ಎರಡು ಪಕ್ಕ, ಬಾಯಿಯ ಸುತ್ತ, ಗದ್ದಕ್ಕೆ ಮೊದಲು ಇಟ್ಟು, ಅಲ್ಲಿಂದ ಹೊರಕ್ಕೆ ಹೋಗುತ್ತಾ ಹೋಗುತ್ತಾ ಏನೂ ಇಲ್ಲದಂತೆ ಮುಗಿಸಿ. ಸ್ಪಂಜನ್ನು ನೆನೆಸಿ, ಟವೆಲಿನಲ್ಲಿ ಸುತ್ತಿ ಹಿಂಡಿ, ತಟ್ಟಿ ತಟ್ಟಿ ಕೂರಿಸಬೇಕು. ಎಳೆದರೆ ಸಡಿಲ ಚರ್ಮ ಜೊತೆಗೇ ಎಳೆದುಕೊಂಡು ಗೆರೆಯೊಳಗೆ ತುಂಬುತ್ತದೆ.

ಕಣ್ಣಿನ ಕೆಳಗಿನ ಕಪ್ಪಿಗೆ ಕಲೆ ಮುಚ್ಚುವ ತಿಳಿ ಬಣ್ಣದ ಕನ್ಸೀಲರ್ ಒಂದನ್ನೇ ಹಚ್ಚಿದರೆ ಬೂದು ಬಣ್ಣದ ಎರಡು ಅರ್ಧಚಂದ್ರ ಮೂಡುತ್ತವೆ. ನೀಲಿ ಬೆರೆತ ಆ ಕಪ್ಪನ್ನು ಕೊಲ್ಲುವುದು ಕಿತ್ತಳೆ ಛಾಯೆ. ಕಿತ್ತಳೆ ಕರೆಕ್ಟರ್ ರಾಗಿಕಾಳಿನಷ್ಟನ್ನು ಉಂಗುರದ ಬೆರಳಿನಲ್ಲಿ ತೆಗೆದು, ಮೂಗಿನ ಕಡೆಯ ಒಳಮೂಲೆಗೆ, ಕಪ್ಪು ಗೆರೆಯ ಮೇಲಷ್ಟೇ ಒತ್ತಿ. ರೆಪ್ಪೆಯ ಬುಡದವರೆಗೆ ತರಬೇಡಿ. ಒಂದು ನಿಮಿಷ ಕಣ್ಣು ಪಿಳುಕಿಸಿದರೆ ಗೆರೆಯಲ್ಲಿ ಬಣ್ಣ ಸಾಲುಗಟ್ಟುತ್ತದೆ, ಅದನ್ನು ಖಾಲಿ ಬೆರಳಿನಿಂದ ಒತ್ತಿ ಸರಿಮಾಡಿ. ಈಗ ಬೀರುವಿನಲ್ಲಿಟ್ಟ ಪೌಡರ್ ತೆಗೆಯಬಹುದು: ಸಣ್ಣ ಬ್ರಷ್ಷಿಗೆ ಅದ್ದಿ, ಕೊಡವಿ, ಮೂಗಿನ ಪಕ್ಕಗಳಿಗೆ ಮತ್ತು ಹಣೆಯ ನಡುವಿಗೆ ಮಾತ್ರ. ಕೆನ್ನೆಗೆ ಬೇಡವೇ ಬೇಡ.

ಕೆನ್ನೆಗೆ ಬೇರೆ ಡಬ್ಬಿ ಕೊಳ್ಳುವ ಅಗತ್ಯವಿಲ್ಲ. ಲಿಪ್‌ಸ್ಟಿಕ್ಕಿನಿಂದಲೇ ಎರಡು ಸಾಸಿವೆಕಾಳಿನಷ್ಟು ಚುಕ್ಕೆ ಇಟ್ಟು ಬೆರಳಿನಲ್ಲಿ ತಟ್ಟಿ ಹರಡಿ. ನಗುತ್ತಾ ಕೆನ್ನೆಯ ಉಬ್ಬಿಗೆ ಹಚ್ಚಬೇಕೆಂಬುದು ಎಳೆಯ ಮುಖದ ಲೆಕ್ಕ. ಈಗ ನಗು ಇಳಿದಾಗ ಉಬ್ಬೂ ಇಳಿಯುತ್ತದೆ, ಬಣ್ಣ ಬಾಯಿಯ ಹತ್ತಿರ ಬಂದು ಮುಖವೇ ಸೋತ ಹಾಗೆ ಕಾಣುತ್ತದೆ. ಮುಖ ಸುಮ್ಮನಿಟ್ಟುಕೊಂಡು, ಮೂಗಿನಿಂದ ಎರಡು ಬೆರಳು ಆಚೆ, ಮೂಗಿನ ತುದಿಗಿಂತ ಮೇಲೆ ಹಚ್ಚಿ ಕಿವಿಯ ಕಡೆ ಹರಡಿ.

ಹುಬ್ಬನ್ನು ಪಾರ್ಲರಿನಲ್ಲಿ ದಾರದಿಂದ ಸಣ್ಣ ಮಾಡಿಸಬೇಡಿ, ಈ ವಯಸ್ಸಿನಲ್ಲಿ ತೆಗೆದದ್ದು ಪೂರ್ತಿ ಬರುವುದಿಲ್ಲ. ಬಾಲದ ಕಡೆ ತೆಳುವಾಗಿದ್ದರೆ ಕಂದು ಪೆನ್ಸಿಲ್ಲಿನಲ್ಲಿ ಕೂದಲಿನಂಥ ಸಣ್ಣ ಗೀಟು ನಾಲ್ಕೈದು ಎಳೆದರೆ ಸಾಕು. ಕಪ್ಪು ಪೆನ್ಸಿಲ್ ಮುಖವನ್ನು ಸಿಟ್ಟಾಗಿಸುತ್ತದೆ. ಹರಳೆಣ್ಣೆ ದೀಪದ ಕಾಡಿಗೆ ಕೆಳರೆಪ್ಪೆಗೆ ಹಚ್ಚಿದರೆ ಅದರ ಎಣ್ಣೆ ಮಧ್ಯಾಹ್ನದೊಳಗೆ ಇಳಿದು ಕಣ್ಣಿನ ಕೆಳಗಿನ ಕಪ್ಪಿಗೇ ಕೂಡಿಕೊಳ್ಳುತ್ತದೆ. ಮೇಲಿನ ರೆಪ್ಪೆಯ ಬುಡಕ್ಕೆ, ಹೊರತುದಿಯ ಅರ್ಧದಷ್ಟು ಮಾತ್ರ ಗೆರೆ ಎಳೆಯಿರಿ. ಓದುವ ಕನ್ನಡಕ ಸದಾ ಹಾಕುವವರ ಕಣ್ಣು ಗಾಜಿನಲ್ಲಿ ದೊಡ್ಡದಾಗಿ ಕಾಣುವುದರಿಂದ ಗೆರೆ ಇನ್ನೂ ಸಣ್ಣಗಿರಲಿ. ಮದುವೆಮನೆಯಲ್ಲಿ ಒಂದೇ ಕಾಡಿಗೆ ಕಡ್ಡಿ ನಾಲ್ಕು ಜನರ ಕಣ್ಣಿಗೆ ಓಡಾಡುವುದು ಬೇಡ, ಕಣ್ಣುಬೇನೆ ಹರಡುತ್ತದೆ.

ತುಟಿಗೆ ಹೊರಡುವ ಹತ್ತು ನಿಮಿಷ ಮುಂಚೆ ತುಪ್ಪ ಸವರಿ, ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಬಣ್ಣ. ಮಿರುಗಿಲ್ಲದ ಮ್ಯಾಟ್ ಲಿಪ್‌ಸ್ಟಿಕ್ ತುಟಿಯ ಗೆರೆಗಳನ್ನು ಎಣಿಸಿ ತೋರಿಸುತ್ತದೆ, ಸ್ವಲ್ಪ ಮಿರುಗು ಇರುವುದು ಒಳ್ಳೆಯದು. ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಇರುವುದುಂಟು, ಅದಕ್ಕೆ ನಾಚಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವವರೂ ಇದ್ದಾರೆ. ಅವರಿಗೆ ಕಿತ್ತಳೆ, ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್ ಬೇಡ, ಹಲ್ಲು ಇನ್ನೂ ಹಳದಿ ಕಾಣುತ್ತದೆ. ನೀಲಿ ಛಾಯೆಯ ಗುಲಾಬಿ, ತಿಳಿಯಾದ ನೇರಳೆಹಣ್ಣಿನ ಬಣ್ಣ ಹಚ್ಚಿದರೆ ಹಲ್ಲು ಬೆಳ್ಳಗೆ ಕಾಣುತ್ತದೆ.

ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ಒಂದು ರಾಸಾಯನಿಕಕ್ಕೆ ಕೆಲವರ ಹಣೆಯಲ್ಲಿ, ಬೊಟ್ಟಿನ ಗಾತ್ರಕ್ಕೇ, ಬಿಳಿ ಮಚ್ಚೆ ಬೀಳುತ್ತದೆ. ಮೊದಲು ನವೆ, ಆಮೇಲೆ ಬಿಳುಪು. ನವೆ ಶುರುವಾದಾಗಲೇ ಸ್ಟಿಕ್ಕರ್ ಬಿಟ್ಟು ಡಾಕ್ಟರಿಗೆ ತೋರಿಸಿ. ಬಿಳುಪಾಗಿದೆಯೆಂದು ಮುಚ್ಚಲು ಅದರ ಮೇಲೇ ದೊಡ್ಡ ಬೊಟ್ಟು ಅಂಟಿಸಬೇಡಿ. ಹಣೆಗೆ ಸಾಸಿವೆಕಾಳಿನಷ್ಟು ಜೇನುಮೇಣ ಒತ್ತಿ ಅದರ ಮೇಲೆ ಅರಿಶಿನದಿಂದ ಮಾಡಿದ ಕುಂಕುಮ ಇಡುವ ಹಳೆಯ ಕ್ರಮ ದಿನವಿಡೀ ನಿಲ್ಲುತ್ತದೆ, ಮೂಗಿನ ಮೇಲೆ ಉದುರುವುದೂ ಇಲ್ಲ.

ಛತ್ರಕ್ಕೆ ಹೊರಡುವ ದಿನ ಸೀರೆಯ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡೇ ಕೊನೆಯ ಬಾರಿ ಕನ್ನಡಿ ನೋಡಿ. ರೇಷ್ಮೆ ತನ್ನ ಬಣ್ಣವನ್ನು ಗದ್ದಕ್ಕೆ ಎರಚುತ್ತದೆ: ಅರಿಶಿನ ಬಣ್ಣದ ಸೀರೆ ಮುಖವನ್ನು ಹಳದಿ ಮಾಡುತ್ತದೆ, ಆಗ ಕೆನ್ನೆಗೆ ಇನ್ನೊಂದು ಸಾಸಿವೆಯಷ್ಟು ಬಣ್ಣ ಬೇಕಾಗುತ್ತದೆ. ಬೆಳಗಿನ ಮುಹೂರ್ತಕ್ಕೆ ಇದಿಷ್ಟೇ ಸಾಕು. ಸಂಜೆ ಆರತಕ್ಷತೆಗೆ ತುಟಿ ಮಾತ್ರ ಒಂದು ಪಟ್ಟು ಗಾಢ ಮಾಡಿ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತುಕೊಂಡರೆ ಒರೆಸಬೇಡಿ, ಕಾಟನ್ ಕರ್ಚೀಫನ್ನು ಒತ್ತಿ ಒತ್ತಿ ತೆಗೆಯಿರಿ. ಬೆವರಿನ ಮೇಲೆ ಪೌಡರ್ ಹಾಕಿದರೆ ಕಲಸಿದ ಹಿಟ್ಟಿನ ಹಾಗೆ ತೇಪೆ ಬೀಳುತ್ತದೆ.

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ತೆಗೆದೇ ಮಲಗಬೇಕು. ತಿಪಟೂರು ಕೊಬ್ಬರಿಯ ಎಣ್ಣೆ ಇಲ್ಲಿಗೆ ಹೇಳಿಮಾಡಿಸಿದ್ದು. ಮುಖ, ಕೈ ಎರಡೂ ಒಣಗಿರುವಾಗಲೇ ಒಂದು ಟೀ ಚಮಚ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಒಂದು ನಿಮಿಷ ಮೆಲ್ಲಗೆ ತಿಕ್ಕಿ. ಮೊದಲೇ ನೀರು ತಾಕಿಸಿದರೆ ಎಣ್ಣೆ ಬಣ್ಣವನ್ನು ಹಿಡಿಯುವುದಿಲ್ಲ. ಕಣ್ಣಿಗೆ ಎಣ್ಣೆ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು ಹತ್ತು ಎಣಿಸಿ, ಕೆಳಕ್ಕೆ ಒರೆಸಿ. ಆಮೇಲೆ ಹಳೆಯ ಮೆತ್ತನೆ ಪಂಚೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಮುಖ ಒರೆಸಿ, ಫೇಸ್‌ವಾಶ್ ಹಾಕಿ ತೊಳೆಯಿರಿ. ಮೊಡವೆ ಏಳುವ ಮುಖದವರು ಈ ಕೊನೆಯ ತೊಳೆತ ಬಿಡಲೇಬಾರದು, ಉಳಿದ ಕೊಬ್ಬರಿ ಎಣ್ಣೆ ರಂಧ್ರ ಕಟ್ಟುತ್ತದೆ. ಆ ಬಟ್ಟೆಯನ್ನೂ ಸ್ಪಂಜನ್ನೂ ಅಂದೇ ಸೋಪು ಹಾಕಿ ಒಗೆದು, ಬಚ್ಚಲಲ್ಲಿ ಬಿಡದೆ ಬಿಸಿಲು ಬೀಳುವ ಕಡೆ ಹರವಿಬಿಡಿ.