ಗದ್ದಲದೊಳಗಿಂದ ಗುರುತ್ವ ಅಲೆ ತೆಗೆದದ್ದು: ನನ್ನ ಅನುಭವ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯಕ್ಕೆ ಸಿಕ್ಕಿತಲ್ಲ ಮೊದಲ ಗುರುತ್ವ ಅಲೆ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ), ಅದರ ಡೇಟಾ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಬಂದರೆ ಸಾಕು, ಆ ಅಲೆಯನ್ನು ನಾವೇ ಹುಡುಕಿ ತೆಗೆಯಬಹುದು. ನಾನು ತೆಗೆದದ್ದು ಹೀಗೆ.

32 ಸೆಕೆಂಡಿನ ಫೈಲ್ ಇಳಿಸಿಕೊಂಡು ಗ್ರಾಫ್ ಹಾಕಿದರೆ ಕಾಣುವುದು ಬರೀ ಏರಿಳಿತ. ನಮಗೆ ಬೇಕಾದದ್ದು ಅದಕ್ಕಿಂತ ನೂರಾರು ಪಟ್ಟು ಸಣ್ಣದು. ಲೈಗೋದಲ್ಲಿ ಕನ್ನಡಿಗಳ ನಡುವೆ ಲೇಸರ್ ಬೆಳಕು ಓಡಾಡುವ 4 ಕಿಲೋಮೀಟರ್ ಉದ್ದದ ತೋಳು ಆ ಅಲೆಗೆ ಹಿಗ್ಗಿ ಕುಗ್ಗಿದ್ದು ಪ್ರೋಟಾನಿನ ಅಗಲದ ಸಾವಿರದಲ್ಲಿ ಎರಡು ಮೂರು ಪಾಲು, ಅಷ್ಟೇ.

ಹಾಗಾಗಿ ಮೊದಲು ಗದ್ದಲವನ್ನೇ, ಅಂದರೆ ಅಲೆಯದಲ್ಲದ ಬೇರೆಲ್ಲ ಏರಿಳಿತವನ್ನೇ, ಪರಿಚಯ ಮಾಡಿಕೊಳ್ಳಬೇಕು. ಯಾವ ಆವರ್ತನದಲ್ಲಿ ಎಷ್ಟು ಗದ್ದಲ ಎಂದು ಗ್ರಾಫ್ ಹಾಕಿದೆ. 60 ಹರ್ಟ್ಸ್‌ನಲ್ಲಿ ನೆಟ್ಟಗೆ ಎದ್ದು ನಿಂತಿದ್ದು ಅಮೆರಿಕದ ಕರೆಂಟ್. 500ರ ಆಸುಪಾಸಿನ ಗುಂಪು ಕನ್ನಡಿಗಳನ್ನು ತೂಗುಹಾಕಿದ ಎಳೆಗಳ ಕಂಪನ. ಕೆಳಗಿನ ಆವರ್ತನಗಳಲ್ಲಿ ನೆಲದ ಅದುರಾಟ. ಈ ಹಂತವನ್ನು ಸುಮ್ನೆ ದಾಟಿಬಿಡಬೇಡಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಆಮೇಲೆ ಪ್ರತಿ ಆವರ್ತನವನ್ನೂ ಅಲ್ಲಿನ ಗದ್ದಲದಿಂದ ಭಾಗಿಸಿ, 35ರಿಂದ 350 ಹರ್ಟ್ಸ್‌ವರೆಗೆ ಮಾತ್ರ ಉಳಿಸಿಕೊಂಡೆ. ಈಗ ಅಲೆ ಕಂಡಿತು! ಸುಮಾರು 0.2 ಸೆಕೆಂಡಿನಲ್ಲಿ ಏರಿಳಿತಗಳು ಒತ್ತೊತ್ತಾಗುತ್ತಾ, ಎತ್ತರವಾಗುತ್ತಾ ಹೋಗಿ ತಟ್ಟನೆ ನಿಂತವು. ಲೈಗೋದ ಎರಡು ಕೇಂದ್ರಗಳಲ್ಲಿ ಒಂದಾದ ಹ್ಯಾನ್‌ಫರ್ಡ್‌ಗೆ ಅಲೆ ತಡವಾಗಿ ತಲುಪಿತ್ತು, ಅದಕ್ಕೆ ಅಲ್ಲಿನ ಗೆರೆಯನ್ನು 7 ಮಿಲಿಸೆಕೆಂಡ್ ಹಿಂದೆ ಸರಿಸಿ ತಲೆಕೆಳಗು ಮಾಡಿದೆ. ಎರಡು ಕಡೆಯ ತೋಳುಗಳ ದಿಕ್ಕು ಬೇರೆ, ಅದಕ್ಕೆ ತಿರುಗಿಸಬೇಕು. ಸುಮಾರು 3,000 ಕಿಲೋಮೀಟರ್ ದೂರದ ಇನ್ನೊಂದು ಕೇಂದ್ರ ಲಿವಿಂಗ್‌ಸ್ಟನ್‌ನ ಗೆರೆಯ ಮೇಲೆ ಅದು ಹೋಗಿ ಕೂತಿತು. ಇಷ್ಟು ಹೊಂದುವ ಗದ್ದಲ ಎರಡೂ ಕಡೆ ತಾನಾಗಿ ಹುಟ್ಟುತ್ತದೆಯೇ?

ಕೊನೆಗೆ ಟೆಂಪ್ಲೇಟ್. 36 ಮತ್ತು 29 ಸೂರ್ಯರಷ್ಟು ತೂಕದ ಎರಡು ಕಪ್ಪು ಕುಳಿಗಳು ಡಿಕ್ಕಿ ಹೊಡೆದರೆ ಅಲೆ ಹೇಗಿರಬೇಕು ಎಂದು ಐನ್‌ಸ್ಟೈನ್ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿ, ಆ ಆಕಾರವನ್ನು ಡೇಟಾದ ಉದ್ದಕ್ಕೂ ಜರುಗಿಸುತ್ತಾ ಹೋಗುವುದು. ಒಂದು ಜಾಗದಲ್ಲಿ ಮಾತ್ರ ಹೊಂದಾಣಿಕೆ ಜಿಗಿಯಿತು. ತೂಕವನ್ನು 10–10 ಮಾಡಿ ನೋಡಿದೆ. ಹಗುರ ಜೋಡಿ ಜಾಸ್ತಿ ಹೊತ್ತು ಸುತ್ತುತ್ತದೆ, ಅಲೆ ಉದ್ದವಾಗುತ್ತದೆ. ಹೊಂದಾಣಿಕೆ ಕುಸಿಯಿತು.

ನನಗೆ ತುಂಬ ಇಷ್ಟವಾದದ್ದು ಕೊನೆಯ ಬಾಲ. ಕೂಡಿ ಒಂದಾದ ಕುಳಿ ಹೀಗೆ ಕಂಪಿಸುತ್ತಾ ಸುಮ್ಮನಾಗುತ್ತದೆ ಎಂದು ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರ ಲೆಕ್ಕ 1970ರಲ್ಲೇ ತೋರಿಸಿತ್ತು. ಈ ಡೇಟಾದಲ್ಲಿ ಅದು ಕೆಲವೇ ಮಿಲಿಸೆಕೆಂಡ್.

ಇದಾದ ಮೇಲೆ 2017ರ ಆಗಸ್ಟ್ 17ರ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಗೆ ಕೈ ಹಾಕಿ. ಆ ಅಲೆ ಸುಮಾರು 100 ಸೆಕೆಂಡ್ ಇದೆ. ಲಿವಿಂಗ್‌ಸ್ಟನ್‌ನಲ್ಲಿ ಅದರ ಮೇಲೇ ಒಂದು ಗ್ಲಿಚ್ (ಉಪಕರಣದ ಕ್ಷಣಿಕ ಗದ್ದಲ) ಬಿದ್ದಿದೆ, ಆದ್ದರಿಂದ ಗ್ಲಿಚ್ ತೆಗೆದ ಫೈಲನ್ನೇ ಇಳಿಸಿಕೊಳ್ಳಿ.