ತಮ್ಮನ ಅಂಗಿಯ ಅಳತೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. 30 ವರ್ಷ ದಾಟಿತು. ಗಿರಾಕಿಗಳು ಕನ್ನಡದವರು, ತುಳುವಿನವರು, ಮಲಯಾಳದವರು, ಮರಾಠಿಯವರು. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಎಲ್ಲ ಭಾಷೆಯವರೂ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ನಾನು ಸುಮ್ನೆ ಒಂದು ಇಂಚು ಜಾಸ್ತಿ ಬರೆದುಕೊಳ್ಳುತ್ತೇನೆ.

ಆತ್ಮದ ವಿಷಯ ಬರೆಯಲು ಟೈಲರಿಗೆ ಎಂತ ಅಧಿಕಾರ ಅಂತ ಕೇಳಬಹುದು. ಆದರೆ ಗೀತೆಯಲ್ಲಿ ಬಟ್ಟೆಯ ಉದಾಹರಣೆ ಇದೆ ಅಲ್ವಾ? ನನ್ನ ತಕರಾರು ಶುರುವಾದದ್ದೇ ಅಲ್ಲಿಂದ.

2016ರಲ್ಲಿ ನನ್ನ ತಮ್ಮ ಹೋದ. 38 ವರ್ಷ. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬಿಸುವಿಗೆ, ಅಂದರೆ ನಮ್ಮ ಕಡೆಯ ಹೊಸವರ್ಷದ ಹಬ್ಬಕ್ಕೆ, ಹಾಕಲಿಕ್ಕೆ ಅಂತ ಒಂದು ತಿಳಿನೀಲಿ ಅಂಗಿಬಟ್ಟೆ ತಂದುಕೊಟ್ಟಿದ್ದ. ಕತ್ತರಿಸಿ ಇಟ್ಟಿದ್ದೆ, ಹೊಲಿದಿರಲಿಲ್ಲ. ಗಿರಾಕಿಗಳದ್ದು ಮೊದಲು, ಮನೆಯವರದ್ದು ಕೊನೆಗೆ. ಟೈಲರುಗಳ ಮನೆಯಲ್ಲಿ ಹೀಗೇ. ಬಿಸು ಬಂತು, ಅವನು ಹಳೇ ಅಂಗಿಯಲ್ಲೇ ಹಬ್ಬದ ಬೆಳಗಿನ ಕಣಿ ನೋಡಿದ. ಆಮೇಲೆ ಒಂದು ತಿಂಗಳೂ ಇರಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದಲ್ಲಿ, ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ ‘ವಾಸಾಂಸಿ ಜೀರ್ಣಾನಿ’ ಹೇಳಿದರು. ಹಳೇ ಬಟ್ಟೆ ಬಿಟ್ಟು ಹೊಸತು ಹಾಕಿದ ಹಾಗೆ ಮಾರಾಯ, ಅಷ್ಟೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಎಲೆ ಬಿಟ್ಟು ಎದ್ದು ಹೋದೆ. 38 ವರ್ಷದ್ದು ಜೀರ್ಣವಾದ ಬಟ್ಟೆಯಾ? ಮತ್ತೆ, ಹಳೇ ಬಟ್ಟೆಯನ್ನು ಯಾರು ಅಷ್ಟು ಸಲೀಸಾಗಿ ಬಿಡುತ್ತಾರೆ? ಕಾಲರ್ ಸವೆದರೆ ಬಿಚ್ಚಿ, ತಿರುಗಿಸಿ ಹೊಲಿಸಿಕೊಂಡು ಇನ್ನೆರಡು ವರ್ಷ ಹಾಕುತ್ತಾರೆ. ಪ್ಯಾಂಟು ಹರಿದರೆ ಚೀಲ, ಚೀಲ ಹರಿದರೆ ನೆಲ ಒರೆಸುವ ಬಟ್ಟೆ. ಈ ಶ್ಲೋಕ ಹೇಳಿದವರು ಟೈಲರ್ ಅಂಗಡಿ ನೋಡಿಲ್ಲ ಅಂದುಕೊಂಡೆ. ಕೃಷ್ಣ ಕ್ಷಮಿಸಲಿ.

ಕಾಲರ್ ತಿರುಗಿಸಲಿಕ್ಕೇ ಬರುತ್ತಿದ್ದವರು ನನಗೆ ಶಾಲೆಯಲ್ಲಿ ಕಲಿಸಿದ ಮಾಷ್ಟ್ರು. ನಿವೃತ್ತರಾದ ಮೇಲೆ ಎಡನೀರು ಮಠಕ್ಕೆ ಪ್ರವಚನ ಕೇಳಲು ಹೋಗುತ್ತಿದ್ದರು. ಆ ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಾನೂನು ಓದುವವರಿಗೆಲ್ಲ ಗೊತ್ತು. ನಮ್ಮ ಕಡೆಯವರಿಗೆ ಅವರು ಯಕ್ಷಗಾನದ ಪದ ಹೇಳುತ್ತಿದ್ದ ಸ್ವಾಮಿಗಳು. 2020ರಲ್ಲಿ ಅವರೂ ಹೋದರು.

ನನ್ನ ಸಿಟ್ಟನ್ನು ಮಾಷ್ಟ್ರಿಗೆ ಹೇಳಿದೆ. ಬೈಯುತ್ತಾರೆ ಅಂತ ಇತ್ತು. ಅವರು ನಕ್ಕು, “ಉದಾಹರಣೆಯನ್ನು ಎಲ್ಲಾ ಕಡೆಗೂ ಎಳೀಬೇಡ, ಹರಿದೀತು. ಎರಡನೇ ಅಧ್ಯಾಯದ ಆ 22ನೇ ಶ್ಲೋಕ ನಿನಗೆ ಆಗುವುದಿಲ್ಲವಾದರೆ ಬಿಡು. 13ಕ್ಕೆ ಹೋಗು” ಅಂದರು.

‘ದೇಹಿನೋಽಸ್ಮಿನ್ ಯಥಾ ದೇಹೇ ಕೌಮಾರಂ ಯೌವನಂ ಜರಾ.’ ಈ ದೇಹದಲ್ಲೇ ಬಾಲ್ಯ, ಯೌವನ, ಮುಪ್ಪು ಬಂದುಹೋಗುತ್ತವೆ, ಇನ್ನೊಂದು ದೇಹ ಸಿಗುವುದೂ ಹಾಗೆಯೇ ಅಂತ ಅರ್ಥ. ಓದಿದೆ. ಏನೂ ಆಗಲಿಲ್ಲ. ಮಾಷ್ಟ್ರು ನನ್ನ ಕಪಾಟಿನ ಕಡೆ ಕೈ ತೋರಿಸಿದರು. ಅಲ್ಲಿ ನನ್ನ ಅಳತೆ ಪುಸ್ತಕಗಳು ಇದ್ದವು, ಅಂಗಡಿ ತೆರೆದಂದಿನಿಂದ ಒಂದನ್ನೂ ಬಿಸಾಡಿಲ್ಲ.

ಆ ರಾತ್ರಿ ಅಂಗಡಿ ಬಾಗಿಲು ಎಳೆದು, ತಮ್ಮನ ಹೆಸರು ಹುಡುಕುತ್ತಾ ಕೂತೆ. ಶಾಲೆಯ ಚಡ್ಡಿಗೆ ಸೊಂಟ 22. ಹೈಸ್ಕೂಲಿಗೆ 26. ಮೊದಲ ಪ್ಯಾಂಟು 28. ಮದುವೆಯ ಹೊತ್ತಿಗೆ 32. ಕೊನೆಯದು ಅಂಗಿ, ಎದೆ 38, ತೋಳು 23. ಯಾವ ತಮ್ಮನಿಗೆ ನಾನು ಅಳುವುದು? ಸೊಂಟ 22 ಇದ್ದ ಹುಡುಗ ಯಾವತ್ತೋ ಹೋಗಿದ್ದಾನೆ. ಅವನಿಗೆ ಯಾರೂ ಬೊಜ್ಜ ಮಾಡಲಿಲ್ಲ. ಆದರೂ ‘ಅಣ್ಣಾ, ಈ ಚಡ್ಡಿ ಬಿಗಿ’ ಅಂದವನೂ ‘ಅಣ್ಣಾ, ಬಿಸುವಿಗೆ ಬೇಕು’ ಅಂದವನೂ ತಾನೇ ಎಂಬುದರಲ್ಲಿ ಅವನಿಗೆ ಸಂಶಯ ಇರಲಿಲ್ಲ. ನನಗೂ ಇಲ್ಲ. ಅಳತೆಗಳೆಲ್ಲ ಬದಲಾದವು. ‘ನನ್ನ ಅಳತೆ’ ಅಂತ ಅನ್ನುತ್ತಿದ್ದವನ ಅಳತೆ ಮಾತ್ರ ಯಾವ ಪುಟದಲ್ಲೂ ಇಲ್ಲ. ಅಂದು ತುಂಬ ಹೊತ್ತು ಅತ್ತೆ, ಆದರೆ ಸಿಟ್ಟು ಇರಲಿಲ್ಲ.

ಮರುದಿನದಿಂದ ಕಲಿಯಲು ಕೂತೆ. ಎರಡನೇ ಅಧ್ಯಾಯದಲ್ಲಿ 72 ಶ್ಲೋಕ. ಆತ್ಮದ ವಿಚಾರ ಮುಖ್ಯವಾಗಿ 11ರಿಂದ 30ರ ತನಕ. ವಾರಕ್ಕೆ ಒಂದರಂತೆ 20 ವಾರ ಅಂತ ಲೆಕ್ಕ ಹಾಕಿದೆ, ಹಿಡಿದದ್ದು ಹತ್ತಿರ ಹತ್ತಿರ ಒಂದು ವರ್ಷ. ಕಟಿಂಗ್ ಪೇಪರಿನ ಹಿಂದೆ ದೊಡ್ಡದಾಗಿ ಬರೆದು ಮೆಷಿನಿನ ಎದುರು ಗೋಡೆಗೆ ಅಂಟಿಸುತ್ತಿದ್ದೆ. ಶ್ಲೋಕದ ನಾಲ್ಕು ಪಾದಗಳಿಗೂ ಎಂಟೆಂಟು ಅಕ್ಷರ, ಕಾಲಿನ ತುಳಿತಕ್ಕೆ ಸರಿಯಾಗಿ ಕೂರುತ್ತದೆ. 20, 22, 29 ಮಾತ್ರ ಹನ್ನೊಂದು ಅಕ್ಷರದವು. ಅಲ್ಲಿಗೆ ಬಂದಾಗ ತುಳಿತ ತಪ್ಪಿ ನೂಲು ತುಂಡಾಗುತ್ತಿತ್ತು. ಬೆಳಿಗ್ಗೆ 5 ಗಂಟೆಗೆ ಎದ್ದು ಧ್ಯಾನ ಅಂತಲೂ ಮಾಡಿ ನೋಡಿದೆ. ನಿದ್ದೆ ಬಂತು. ಬಿಟ್ಟೆ.

ಒಂದು ದೊಡ್ಡ ತಪ್ಪನ್ನೂ ಹೇಳಬೇಕು. ಎಲ್ಲಾ ಅನಿತ್ಯ ಅಂತ ತಲೆಗೆ ಹತ್ತಿದ ಮೇಲೆ ಕೆಲಸದಲ್ಲಿ ಉದಾಸೀನ ಶುರುವಾಯಿತು. ಇವತ್ತಲ್ಲ ನಾಳೆ ಹರಿದು ಹೋಗುವ ಬಟ್ಟೆಗೆ ಇಷ್ಟು ಗಡಿಬಿಡಿ ಯಾಕೆ? ಒಂದು ಮದುವೆಯ ರವಿಕೆ ಮುಹೂರ್ತದ ಹಿಂದಿನ ರಾತ್ರಿ ಕೊಟ್ಟೆ, ಅದೂ ತೋಳು ಬಿಗಿ. ಮದುಮಗಳ ತಾಯಿ ಅಂಗಡಿಯ ಎದುರು ನಿಂತು ತುಳುವಿನಲ್ಲಿ ಬೈದದ್ದು ಪೇಟೆಗೆಲ್ಲ ಕೇಳಿತು. ಅದೇ ದಿನಗಳಲ್ಲಿ, ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರು ಬಂದಾಗ ನಾನೂ ಅದೇ ಬಟ್ಟೆಯ ಶ್ಲೋಕ ಹೇಳಿಬಿಟ್ಟೆ! ಅವರು ಏನೂ ಹೇಳದೆ ಎದ್ದು ಹೋದರು. ಅದನ್ನು ನೆನೆದರೆ ಈಗಲೂ ನಾಚಿಕೆ.

ಮಾಷ್ಟ್ರು ಆಗ ನಿಜವಾಗಿ ಬೈದರು. “18ನೇ ಶ್ಲೋಕದ ಕೊನೆಯ ಮಾತು ಎಂತ ಹೇಳು” ಅಂದರು. ‘ತಸ್ಮಾದ್ಯುಧ್ಯಸ್ವ ಭಾರತ.’ ದೇಹಗಳಿಗೆ ಅಂತ್ಯ ಉಂಟು, ಆದ್ದರಿಂದ ಯುದ್ಧ ಮಾಡು. “ಬಿಲ್ಲು ಕೆಳಗಿಟ್ಟು ಕೂತವನನ್ನು ಎಬ್ಬಿಸಲಿಕ್ಕೆ ಹೇಳಿದ್ದು ಅದು. ನೀನು ಅದನ್ನು ಕೇಳಿ ಕತ್ತರಿ ಕೆಳಗಿಟ್ಟೆಯಲ್ಲಾ!”

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆಮೇಲೆ ಅವರು ಹೇಳಿಕೊಟ್ಟ ದೃಗ್ದೃಶ್ಯ ವಿವೇಕ ಅನ್ನುವ ವೇದಾಂತದ ಪುಸ್ತಕ. ನೋಡುವವನು ಯಾರು, ಕಾಣುವುದು ಯಾವುದು ಅಂತ ಬೇರೆ ಮಾಡುವುದು. ರೂಪ ಕಾಣುವಂಥದ್ದು, ಕಣ್ಣು ನೋಡುವಂಥದ್ದು. ಆ ಕಣ್ಣೂ ಮನಸ್ಸಿಗೆ ಕಾಣುವಂಥದ್ದೇ. ಮನಸ್ಸೂ ಕಾಣುವಂಥದ್ದು, ಅದನ್ನು ನೋಡುವವನು ಸಾಕ್ಷಿ. ಆ ಸಾಕ್ಷಿಯನ್ನು ಬೇರೆ ಯಾವುದೂ ನೋಡುವುದಿಲ್ಲ. ಮೊದಲ ಶ್ಲೋಕ ಇಷ್ಟೇ. ಪುಸ್ತಕವನ್ನು ನಾನು ಪೂರ್ತಿ ಓದಿಲ್ಲ.

ಆಗ ನನಗೆ ಕಣ್ಣು ಮಂಜಾಗಲು ಶುರುವಾಗಿತ್ತು. ಸೂಜಿಗೆ ನೂಲು ಹಾಕಲು ಮೂರು ಸಲ, ನಾಲ್ಕು ಸಲ. ಮಾಷ್ಟ್ರು ಹೇಳಿದರು, ಕಣ್ಣಿನ ಕುರುಡು, ಮಂಜು, ಚುರುಕು ಮೂರನ್ನೂ ಒಂದೇ ಮನಸ್ಸು ತಿಳಿಯುತ್ತದೆ ಅಂತ ಅದೇ ಪುಸ್ತಕದಲ್ಲಿ ಇದೆ ಅಂತ. ನನ್ನ ಅಭ್ಯಾಸ ಇದರಿಂದಲೇ ಹುಟ್ಟಿತು. ನೂಲು ತಪ್ಪಿದಾಗ ಕೈ ನಿಲ್ಲಿಸುವುದು. ಕಣ್ಣು ಮಂಜಾಗಿದೆ ಅಂತ ಗೊತ್ತಾಗುತ್ತಿದೆ. ಗೊತ್ತಾಗುವುದು ಮಂಜಾಗಿಲ್ಲ. ಸಿಟ್ಟು ಬರುತ್ತಿದೆ ಅಂತಲೂ ಗೊತ್ತಾಗುತ್ತಿದೆ. ಆ ಗೊತ್ತಾಗುವುದಕ್ಕೆ ಸಿಟ್ಟು ಬಂದಿಲ್ಲ. ಎರಡು ಉಸಿರಿನಷ್ಟು ಹೊತ್ತು ಅಲ್ಲೇ ಇರುವುದು. ಆಮೇಲೆ ನೂಲಿನ ತುದಿ ಕತ್ತರಿಸಿ ಮತ್ತೆ ಹಾಕುವುದು. ಕನ್ನಡಕ ತೆಗೆದುಕೊಂಡ ಮೇಲೆ ನೂಲು ಒಂದೇ ಸಲಕ್ಕೆ ಹೋಗುತ್ತದೆ, ಅಭ್ಯಾಸ ಕಡಿಮೆಯಾಯಿತು! ಈಗ ಬಾಬಿನ್ ಖಾಲಿಯಾದಾಗ ಮಾಡುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಸಲ ಆಗುತ್ತದೆ.

2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಸತ್ತಾಗ ನಾನೂ ನೋಡಲು ಹೋಗಿದ್ದೆ. ಎಷ್ಟು ಜನ! ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಬಬಿಯಾ ವಾಪಸು ಬಂದ ಅಂತ ಅಂಗಡಿಯಲ್ಲಿ ಒಬ್ಬರು ಕುಣಿದಾಡಿದರು. ನನಗೂ ಖುಷಿಯಾಯಿತು. ಆದರೆ ಹೋದವರು ಅದೇ ಹೆಸರಲ್ಲಿ, ಅದೇ ಕೆರೆಗೆ, ಅದೇ ಚರ್ಮದಲ್ಲಿ ಬರಬೇಕು ಅನ್ನುವ ಆಸೆ ಇದೆಯಲ್ಲ, ತಮ್ಮನ ವಿಷಯದಲ್ಲಿ ನನ್ನದೂ ಅದೇ ಆಗಿತ್ತು. ಅದು ಪೂರ್ತಿ ಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಚಿಕ್ಕವನನ್ನು ಮೊದಲು ಯಾಕೆ ಕರೆದುಕೊಂಡ ಅನ್ನುವುದಕ್ಕೆ ಮಾಷ್ಟ್ರು ಕರ್ಮದ ಲೆಕ್ಕ ಹೇಳಿದ್ದರು, ಅದೂ ನನಗೆ ಒಪ್ಪಿಗೆಯಾಗಿಲ್ಲ.

ತಿಳಿನೀಲಿ ಬಟ್ಟೆಯ ಗಂಟು ಕಪಾಟಿನ ಮೇಲೆಯೇ ಇತ್ತು. ಪ್ರತಿ ವರ್ಷ ಆಯುಧಪೂಜೆಗೆ ಅಂಗಡಿ ತೊಳೆಯುವಾಗ ಇಳಿಸಿ, ಧೂಳು ಕೊಡವಿ, ಬಿಚ್ಚದೆ ಮೇಲಿಡುತ್ತಿದ್ದೆ. ಈ ಸಲ ತಮ್ಮನ ಮಗ ಸಹಾಯಕ್ಕೆ ಬಂದಿದ್ದ. ಕಾಲೇಜಿಗೆ ಹೋಗುವ ಹುಡುಗ. “ದೊಡ್ಡಪ್ಪಾ, ಇದು ಯಾರದ್ದು?” ಅಂತ ಕೇಳಿದ. ಹೇಳಿದೆ. ಅವನೇ ಗಂಟು ಬಿಚ್ಚಿದ. ಚಾಕಿನ ಗೆರೆ ಎಲ್ಲ ಮಾಸಿತ್ತು. ಅವನ ಎದೆಗೆ ಟೇಪು ಹಿಡಿದೆ, 36. ತೋಳು ಮಾತ್ರ 23. ಅಷ್ಟು ಹೊತ್ತು ನೆಟ್ಟಗಿದ್ದ ನನ್ನ ಕೈ ಅಲ್ಲಿ ನಡುಗಿತು, ನಡುಗಿದ್ದು ಗೊತ್ತಾಯಿತು.

ಅಕ್ಕಪಕ್ಕ ಒಳಗೆ ಹಿಡಿದರೆ ಅಂಗಿ ಆಗುತ್ತದೆ. ಆದರೆ ಕಾಲರಿನ ತುಂಡನ್ನು ನುಸಿ ತಿಂದಿದೆ. ಆ ಬಣ್ಣ ಈಗ ಪೇಟೆಯಲ್ಲಿ ಸಿಗುವುದಿಲ್ಲ. ಬಿಳಿ ಕಾಲರ್ ಇಡುವಾ ಅಂದರೆ ಹುಡುಗ ಒಪ್ಪುತ್ತಿಲ್ಲ.