ಸಿಲ್ವರ್ ಓಕ್ ಹಲಗೆಯ ವ್ಯಾಸಪೀಠ: ಕಿಂಡಿ ಎಷ್ಟು ಬಿಡಬೇಕು?

ಹೋದ ಬೇಸಿಗೆಯಲ್ಲಿ ದೊಡ್ಡಮ್ಮನಿಗೆ ಪುಸ್ತಕ ತೆರೆದಿಟ್ಟು ಓದುವ ಒಂದು ವ್ಯಾಸಪೀಠವನ್ನು ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ಹೇಳಿದ ಹಾಗೆ ಮರ ಕತ್ತರಿಸುವ ಮೆಷಿನ್) ಮಾಡಿಕೊಟ್ಟಿದ್ದೆ. ಮಳೆ ಹಿಡಿಯುತ್ತಿದ್ದ ಹಾಗೆ ಅದು ವಾಪಸ್ ಬಂತು. ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸೋಕೆ ಬಾರದೆ, ಒನಕೆಯಲ್ಲಿ ಎರಡೇಟು ಹಾಕಿದ್ದರು. ಒಂದು ಹಲಗೆ ಸೀಳಿತ್ತು. "ಪುಸ್ತಕ ಇಟ್ರೆ ತಾನೇ ಮುಚ್ಕೊಳ್ಳುತ್ತೆ ಕಣೋ, ಅದು ಬೇರೆ" ಅಂದರು. ಎರಡೂ ತಪ್ಪು ಒಂದೇ ಕಡೆ ಆಗಿತ್ತು, ಒಂದು ಹಲಗೆ ಇನ್ನೊಂದರೊಳಗೆ ತೂರುವ ಕಿಂಡಿಯಲ್ಲಿ.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್‌ಗೇನೂ ಬರವಿಲ್ಲ. ನೆರಳಿಗೆ ಅಂತ ಹಾಕಿದ ಮರ, ಮೈತುಂಬಾ ಮೆಣಸಿನ ಬಳ್ಳಿ. ಗಾಳಿಗೆ ಬಿದ್ದ ಒಂದನ್ನು ಸಾಮಿಲ್‌ನಲ್ಲಿ ಕೊಯ್ಯಿಸಿ ಅಟ್ಟದ ಮೇಲೆ ಒಂದು ವರ್ಷ ಒಣಗಿಸಿದ್ದೆ. ಮೆದು ಮರ, ಬಿಟ್‌ಗೆ (ಮೆಷಿನ್‌ನಲ್ಲಿ ತಿರುಗುತ್ತಾ ಕತ್ತರಿಸುವ ಅಲಗು) ಕಷ್ಟ ಕೊಡುವುದಿಲ್ಲ. ಆದರೆ ಅದರ ಹುಡಿ ಕೆಲವರ ಮೈಗೆ ಆಗಿಬರುವುದಿಲ್ಲ. ನನಗಂತೂ ಕೈಯೆಲ್ಲ ತುರಿಕೆ. ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ.

ಪೀಠಕ್ಕೆ ಎರಡೇ ಹಲಗೆ. ಎರಡೂ 360 ಮಿ.ಮೀ. ಉದ್ದ, 240 ಅಗಲ. ಮೊದಲನೆಯದರಲ್ಲಿ ಒಂದು ಅಡ್ಡ ಕಿಂಡಿ: 120 ಅಗಲ, ಬುಡದಿಂದ 150 ಮಿ.ಮೀ. ಮೇಲೆ. ಎರಡನೆಯದರ ಕೆಳಭಾಗವನ್ನು ಎರಡೂ ಬದಿ ಕತ್ತರಿಸಿ 119 ಅಗಲದ ನಾಲಿಗೆ ಮಾಡುವುದು. ನಾಲಿಗೆ ಕಿಂಡಿಯೊಳಗೆ ತೂರಿ, ಭುಜ (ನಾಲಿಗೆಯ ಎರಡೂ ಬದಿ ಉಳಿದ ಅಗಲದ ಅಂಚು) ತಾಗಿದಲ್ಲಿ ನಿಲ್ಲುತ್ತದೆ. ಮರದ ಎಳೆ ಎರಡರಲ್ಲೂ ಉದ್ದಕ್ಕೇ ಇರಲಿ. ಅಡ್ಡ ಬಂದರೆ ನಾಲಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಈಗ ಕಿಂಡಿಯ ಎತ್ತರ. 18 ಮಿ.ಮೀ. ದಪ್ಪದ ಹಲಗೆಗೆ ನಾನು ಸುಮ್ನೆ 18ರ ಕಿಂಡಿ ಕೊಟ್ಟಿದ್ದೆ. ಹಾಗೆ ಮಾಡಿದರೆ ಹಲಗೆಗಳು 90 ಡಿಗ್ರಿಗೇ ನಿಂತುಬಿಡುತ್ತವೆ, ಪುಸ್ತಕ ಮುಚ್ಚಿಕೊಳ್ಳದೆ ಇನ್ನೇನು ಮಾಡುತ್ತದೆ? ಇನ್ನೊಂದು ವಿಷಯ, ಮರ ಮಳೆಗೆ ಉಬ್ಬುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಮ್ಮಿ. ನಾಲಿಗೆಯ ದಪ್ಪ ಎಳೆಗೆ ಅಡ್ಡ, ಅದು ಉಬ್ಬಿತು. ಕಿಂಡಿಯ ಎತ್ತರ ಎಳೆಯ ಉದ್ದಕ್ಕೆ, ಅದು ಇದ್ದಷ್ಟೇ ಇತ್ತು. ಕಚ್ಚಿಕೊಳ್ಳದೆ ಇರುತ್ತದಾ?

ಲೆಕ್ಕ ಹೀಗೆ: ಕಿಂಡಿಯ ಎತ್ತರ ಹಲಗೆಯ ದಪ್ಪದ 1.3 ಪಟ್ಟು. ಆಗ ಪುಸ್ತಕದ ಭಾರಕ್ಕೆ ತೋಳುಗಳು (ಹಲಗೆಗಳ ಮೇಲಿನ ಭಾಗ) ಅಗಲವಾಗಿ, ಹತ್ತಿರ ಹತ್ತಿರ 105 ಡಿಗ್ರಿಗೆ ನಿಲ್ಲುತ್ತವೆ. ಉಬ್ಬಿದರೂ ಕೋನ ಕೊಂಚ ಕಮ್ಮಿಯಾದೀತು, ಅಷ್ಟೇ. ದಪ್ಪವನ್ನು ಮಾತ್ರ ವರ್ನಿಯರ್‌ನಲ್ಲಿ ನಾಲ್ಕು ಕಡೆ ಅಳೆಯಿರಿ, ಮಿಲ್ಲಿನವರು ಹೇಳಿದ್ದನ್ನು ನಂಬಬೇಡಿ. ನನ್ನ "18" ರಂದ ಹೊಡೆದ ಮೇಲೆ 17.6 ಇತ್ತು. ಹಾಗಾಗಿ ಕಿಂಡಿ 22.9, ನಾಲಿಗೆಯ ಉದ್ದ 173, ಅಂದರೆ ಬುಡದಿಂದ ಕಿಂಡಿಯ ಮೇಲಂಚಿನ ತನಕ.

ಮೆಷಿನ್ ಕೆಲಸದಲ್ಲಿ ಹೇಳುವಂಥದ್ದು ಕಮ್ಮಿ. 6 ಮಿ.ಮೀ. ಎರಡು ಅಲಗಿನ ಬಿಟ್, ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ನಿಮಿಷಕ್ಕೆ 18,000 ಸುತ್ತು, ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 2,000 ಮಿ.ಮೀ., ಒಂದು ಸಲಕ್ಕೆ 3 ಮಿ.ಮೀ. ಆಳ. ಸಂಖ್ಯೆಗಿಂತ ಹುಡಿಯನ್ನು ನೋಡಿ. ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಬಂದರೆ ಬಿಟ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ. ಆಮೇಲೆ ಸುಟ್ಟ ವಾಸನೆ. ಫೀಡ್ ಜಾಸ್ತಿ ಮಾಡಿ, ಅವಲಕ್ಕಿ ನುಚ್ಚಿನ ಹಾಗೆ ಬೀಳಬೇಕು.

ಝಡ್ ಸೊನ್ನೆಯನ್ನು (ಬಿಟ್‌ನ ಎತ್ತರ ಎಣಿಸಲು ಶುರು ಮಾಡುವ ಜಾಗ) ಹಲಗೆಯ ಮೇಲಿಂದ ಹಿಡಿಯಬೇಡಿ, ಕೆಳಗೆ ಹಾಸಿದ ಎಂಡಿಎಫ್ ಹಲಗೆಯಿಂದ ಹಿಡಿಯಿರಿ. ದಪ್ಪ ಅಲ್ಲಲ್ಲಿ ಹೆಚ್ಚುಕಮ್ಮಿ ಇದ್ದರೂ ತಳ ಪೂರ್ತಿ ಕತ್ತರಿಸುತ್ತದೆ. ಹಲಗೆಯನ್ನು ಸ್ಕ್ರೂ ಹಾಕಿಯೇ ಕೂರಿಸಿ. ಸ್ಕ್ರೂ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಸ್ಪಿಂಡಲ್ ಮೇಲೆತ್ತಿ ಒಂದು ಸುತ್ತು ಖಾಲಿ ಓಡಿಸಿ ನೋಡಿ. ನಾನು ಒಂದು ಬಿಟ್ ಕಳೆದುಕೊಂಡ ಮೇಲೆ ಕಲಿತದ್ದು ಇದು.

ಮೊದಲು ಕಿಂಡಿ, ಆಮೇಲೆ ಹೊರ ಅಂಚು. ಎರಡಕ್ಕೂ ಟ್ಯಾಬ್ (ತುಂಡು ಕಳಚದ ಹಾಗೆ ಕತ್ತರಿಸದೆ ಬಿಡುವ ಸಣ್ಣ ಕೊಂಡಿ) ಬಿಡಿ, 6 ಅಗಲ, 3 ದಪ್ಪ ಸಾಕು. ಕಿಂಡಿಯ ತುಂಡಿಗೂ ಬೇಕು, ಇಲ್ಲದಿದ್ದರೆ ಅದು ಬಿಟ್‌ಗೆ ಸಿಕ್ಕಿ ಹಾರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಅದಕ್ಕೇ ಕಿಂಡಿ ಮತ್ತು ಅಂಚಿಗೆ ಬೇರೆ ಬೇರೆ ಜಿ-ಕೋಡ್ ಫೈಲ್ (ಮೆಷಿನ್‌ಗೆ ಕೊಡುವ ಆದೇಶಗಳ ಪಟ್ಟಿ) ಮಾಡಿ ಇಡುತ್ತೇನೆ. ಮಧ್ಯೆ ನಿಂತರೂ ಹೋಮ್ ಮಾಡಿ (ಮೆಷಿನ್ನನ್ನು ಅದರ ಮೂಲ ಜಾಗಕ್ಕೆ ತಂದು) ಆ ಒಂದು ಫೈಲನ್ನು ಮತ್ತೆ ಓಡಿಸಿದರಾಯ್ತು.

ದುಂಡು ಬಿಟ್ ಒಳಮೂಲೆಗಳನ್ನು ದುಂಡಾಗಿಯೇ ಬಿಡುತ್ತದೆ. ಮೂಲೆಯಲ್ಲಿ ಡಾಗ್‌ಬೋನ್ (ಮೂಲೆ ದಾಟಿ ಕೊರೆಯುವ ಸಣ್ಣ ದುಂಡು ತೂತು) ಹಾಕಿ ಅನ್ನುತ್ತಾರೆ. ಕಣ್ಣಿಗೆ ಕಾಣುವ ಜಾಗದಲ್ಲಿ ಆ ತೂತು ನನಗೆ ಸೇರುವುದಿಲ್ಲ. ನಾಲಿಗೆಯ ನಾಲ್ಕು ಅಂಚನ್ನು ಅರದಲ್ಲಿ ದುಂಡು ಮಾಡುತ್ತೇನೆ, ಭುಜದ ಮೂಲೆ ಎರಡನ್ನು ಉಳಿಯಲ್ಲಿ ಬಿಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಸ್ಯಾಂಡ್‌ಪೇಪರ್ 120, ಆಮೇಲೆ 220. ಕೊನೆಗೆ ಬಾಯ್ಲ್ಡ್ ಅಗಸೆ ಎಣ್ಣೆ ತೆಳ್ಳಗೆ ಎರಡು ಕೈ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರಡಿ. ಪೀಠವೂ ಒಂದು ವಾರ ಆರಲಿ, ಇಲ್ಲದಿದ್ದರೆ ಪುಸ್ತಕದ ರಟ್ಟಿಗೆ ಎಣ್ಣೆ ಹಿಡಿಯುತ್ತದೆ. ದೊಡ್ಡಮ್ಮ ಅದಕ್ಕೂ ಫೋನ್ ಮಾಡುತ್ತಾರೆ.